ಈ ವಯಸ್ಸಿಗೇ ಸುಸ್ತಾ?

ಸಂಪಾದಕರೇ,

ಕೆಲಸ ಮುಗಿಸಿ ಬಂದ ಯುವಕರು ಸುಸ್ತು ಅಂದರೆ ಸಾಕು, 'ಈ ವಯಸ್ಸಿಗೇನಾ?' ಅಂತ ನಗುತ್ತಾರೆ. ನನಗೂ ಇದನ್ನು ಕೇಳಿ ಕೇಳಿ ಸಾಕಾಗಿದೆ. ಕೂತೇ ಮಾಡುವ ಕೆಲಸವಾದರೂ ದಿನವಿಡೀ ಗಮನ ಕೊಟ್ಟು, ಮಧ್ಯೆ ಮಧ್ಯೆ ಬರುವ ಮೆಸೇಜಿಗೆಲ್ಲ ಉತ್ತರಿಸಿ, ಸಂಜೆಗೆ ತಲೆ ಖಾಲಿಯಾಗಿರುತ್ತದೆ. ನಮ್ಮದು ಅಂತ ಸಿಗುವ ಹೊತ್ತು ರಾತ್ರಿ ಮಾತ್ರ. ಅದನ್ನು ಬಿಡಲು ಮನಸ್ಸಾಗದೆ ಸುಮ್ನೆ ಮೊಬೈಲ್ ನೋಡುತ್ತಾ ನಿದ್ದೆ ಕಳೆದುಕೊಳ್ಳುತ್ತೇವೆ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಎಷ್ಟು ಜನಕ್ಕೆ ಸಿಗುತ್ತಿದೆ?

ಸರಿಯಾಗಿ ನಿದ್ದೆ ಮಾಡಿದರೂ ವಾರಗಟ್ಟಲೆ ಸುಸ್ತು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವೆಲ್ಲ ಹೀಗೆಯೇ ಶುರುವಾಗಬಹುದು. ಕೆಲವನ್ನು ಒಂದು ರಕ್ತಪರೀಕ್ಷೆಯಲ್ಲೇ ಪತ್ತೆ ಹಚ್ಚಬಹುದು.

ಆದರೆ ಎಲ್ಲವನ್ನೂ ನಮ್ಮ ತಲೆಗೇ ಕಟ್ಟಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' (ಅಂದರೆ ಕೆಲಸದಿಂದ ಪೂರ್ತಿ ಬಳಲಿಹೋಗುವುದು) ಅನ್ನು ಕೆಲಸದ ಜಾಗದ ನಿರಂತರ ಒತ್ತಡಕ್ಕೆ ಜೋಡಿಸಿ ವಿವರಿಸಿತು, ಅದನ್ನು ಕಾಯಿಲೆ ಅನ್ನಲಿಲ್ಲ. ಹಾಗಿದ್ದ ಮೇಲೆ ನಮಗೆ ಯೋಗ ಶಿಬಿರ ಮಾಡಿಸುವ (ಅದೂ ರಜೆಯ ದಿನ!) ಮೇಲಧಿಕಾರಿಗಳು, ರಾತ್ರಿ ಹತ್ತಕ್ಕೆ ಮೆಸೇಜ್ ಕಳಿಸುವುದನ್ನು ಮೊದಲು ನಿಲ್ಲಿಸಬಹುದು ಅಲ್ವಾ?

– ಒಬ್ಬ ಯುವ ಉದ್ಯೋಗಿ