ಚಂದ್ರನಿಗಿಂತ ಒದ್ದೆಯಾದ ‘ಚಂದ್ರನ ಮಣ್ಣು’: ಕಿಟ್ ಬದಲಿಸಿಕೊಡಲು ಕೋರಿ ದೂರು

ಇಂದ,
ವಿಜ್ಞಾನ ಶಿಕ್ಷಕರು, ಪ್ರೌಢಶಾಲೆ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಗೆ,
ಗ್ರಾಹಕ ಸೇವಾ ವಿಭಾಗ,
‘ಚಂದ್ರನಿಗೆ ಡಿಕ್ಕಿ’ ಮಾದರಿ ಕಿಟ್ ತಯಾರಕರು

ವಿಷಯ: ಕಿಟ್‌ನ ಪುಡಿ ಮತ್ತು ಕೈಪಿಡಿಯ ದೋಷಗಳ ಬಗ್ಗೆ.

ಮಾನ್ಯರೇ,

ಚಂದ್ರನಿಗೆ ನೌಕೆ ಅಪ್ಪಳಿಸಿ ನೀರು ಹುಡುಕುವ ಪ್ರಯೋಗ ತೋರಿಸಲು ನೀವು ಮಾರುವ ಕಿಟ್ ಜುಲೈ ಮೊದಲ ವಾರ ಕೈಸೇರಿದೆ. ಟ್ರೇ, 16 ಮಿ.ಮೀ. ಉಕ್ಕಿನ ಗುಂಡು ಮೂರು, ಸ್ಪ್ರಿಂಗ್ ಕೊಳವೆ, ಬಲ್ಬು, ಕೈಪಿಡಿ, 2 ಕೆ.ಜಿ. ‘ಚಂದ್ರನ ಮಣ್ಣು’ ಎಲ್ಲವೂ ಇವೆ. ನೀರು ಹುಡುಕಲು ಗುಂಡು ಬೀಳಿಸಬೇಕಾಗಿಯೂ ಬರಲಿಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಸಿಕ್ಕಿತು.

ನಿಮ್ಮ ಚಂದ್ರನ ಮಣ್ಣು ಅಂದರೆ ಮೈದಾ. ಒಣಸೀಮೆಗೆ ಇದು ನಡೆದೀತು, ಮಲೆನಾಡಿನ ಮಳೆಗಾಲಕ್ಕಲ್ಲ. ಮೈದಾ ಗಾಳಿಯ ತೇವ ಹೀರಿ ಉಂಡೆ ಕಟ್ಟುತ್ತದೆ. ಒಣ ಪುಡಿಯ ಮೇಲೆ 1 ಮೀಟರ್ ಎತ್ತರದಿಂದ ಗುಂಡು ಬಿಟ್ಟರೆ ಗುಂಡಿನ ಎರಡು ಮೂರು ಪಟ್ಟು ಅಗಲದ ಕುಳಿ, ಸುತ್ತ ಎದ್ದ ಅಂಚು, ಆಚೆಗೆ ಚೆಲ್ಲಿದ ಬಿಳಿ ಗೆರೆಗಳು ಮೂಡಬೇಕು. ನಿಮ್ಮ ಪುಡಿಯಲ್ಲಿ ಮೂಡುವುದು ಅಕ್ಕಿರೊಟ್ಟಿ ಹಿಟ್ಟಿಗೆ ಬೆರಳು ಚುಚ್ಚಿದಂಥ ತೂತು. ಗುಂಡು ಅದರೊಳಗೇ ಸಿಕ್ಕಿಕೊಳ್ಳುತ್ತದೆ, ಚಮಚದಿಂದ ಕೀಳಬೇಕು.

100 ಗ್ರಾಂ ಪುಡಿಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಹುರಿದಾಗ ಉಳಿದದ್ದು 86 ಗ್ರಾಂ. ಅಂದರೆ ಶೇ. 14 ನೀರು. 2009ರ ಅಕ್ಟೋಬರ್ 9ರಂದು ನಾಸಾ, ಸುಮಾರು 2.3 ಟನ್ನಿನ ಖಾಲಿ ಸೆಂಟಾರ್ ರಾಕೆಟ್ಟನ್ನು ಸೆಕೆಂಡಿಗೆ 2.5 ಕಿ.ಮೀ. ವೇಗದಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿಯ ಕೇಬಿಯಸ್ ಕುಳಿಗೆ ಕೆಡವಿತು. ನಾಲ್ಕು ನಿಮಿಷ ಹಿಂದಿದ್ದ ಎಲ್‌ಕ್ರಾಸ್ ನೌಕೆಯನ್ನು ಎದ್ದ ದೂಳಿನೊಳಗೇ ತೂರಿಸಿ, ಅದನ್ನೂ ಅಲ್ಲೇ ಕೆಡವಿತು. ಇಷ್ಟೆಲ್ಲ ಮಾಡಿ ಅಲ್ಲಿನ ಮಣ್ಣಿನಲ್ಲಿ ಕಂಡ ನೀರು ಸುಮಾರು ಶೇ. 5.6. ನಿಮ್ಮ ವಿಳಾಸ ಅವರಿಗೆ ಮೊದಲೇ ಗೊತ್ತಿದ್ದರೆ ಒಂದು ರಾಕೆಟ್ ಉಳಿಯುತ್ತಿತ್ತು.

ಸಹಾಯವಾಣಿಯಲ್ಲಿ ಸಿಕ್ಕ ಪರಿಹಾರ: ಎರಡು ದಿನ ಬಿಸಿಲಿಗೆ ಹರವಿ. ಆಷಾಢದಲ್ಲಿ ಇಲ್ಲಿಗೆ ಬಿಸಿಲನ್ನೂ ಕೊರಿಯರ್‌ನಲ್ಲೇ ಕಳಿಸಬೇಕಾಗುತ್ತದೆ.

ಸದ್ಯಕ್ಕೆ ಕೆಲಸ ನಡೆಸಿರುವುದು ಕಲ್ಲಿನ ರಂಗೋಲಿ ಪುಡಿ. 5 ಕೆ.ಜಿ. ಪುಡಿಯನ್ನು ಬಾಣಲೆಯಲ್ಲಿ ಹತ್ತು ನಿಮಿಷ ಬೆಚ್ಚಗೆ ಆಡಿಸಿ, ಆರಿಸಿ, ಜರಡಿ ಹಿಡಿದು, ನಾಲ್ಕು ಬೆರಳು ದಪ್ಪ ಹರವಬೇಕು. ಮೇಲೆ ಒಣಗಿದ ಕೆಮ್ಮಣ್ಣು ತೆಳ್ಳಗೆ ಉದುರಿಸಿದರೆ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಟ್ರೇ ಕುಟ್ಟಬಾರದು, ಕುಟ್ಟಿದರೆ ಪುಡಿ ಬಿಗಿದು ಕುಳಿ ಚಿಕ್ಕದಾಗುತ್ತದೆ. ಇದನ್ನು ಕೈಪಿಡಿಗೆ ಸೇರಿಸಿಕೊಳ್ಳಿ, ಹಣ ಕೇಳುವುದಿಲ್ಲ.

ಕೈಪಿಡಿಯ ವಿಷಯಕ್ಕೆ ಬಂದರೆ, 6ನೇ ಪುಟದಲ್ಲಿ ಗುಂಡು ‘ನಿಜವಾದ ನೌಕೆಯ ವೇಗದಲ್ಲೇ’ ಬೀಳುತ್ತದೆ ಎಂದಿದೆ. 1 ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸೆಕೆಂಡಿಗೆ 4.4 ಮೀಟರ್ ವೇಗ. ಜೋಗದ 253 ಮೀಟರ್ ಮೇಲಿನಿಂದ ಬಿಟ್ಟರೂ, ಗಾಳಿಯ ತಡೆ ಇಲ್ಲವೆಂದೇ ಇಟ್ಟುಕೊಂಡರೂ, ಸಿಗುವುದು ಸೆಕೆಂಡಿಗೆ ಸುಮಾರು 70 ಮೀಟರ್ ಅಷ್ಟೇ. ಈ ವ್ಯತ್ಯಾಸದಿಂದಲೇ ಇನ್ನೊಂದು ಎಡವಟ್ಟಾಗಿದೆ. ಬಾಹ್ಯಾಕಾಶದ ವೇಗದಲ್ಲಿ ಬಂದದ್ದು ನೆಲ ಹೊಕ್ಕು ಸ್ಫೋಟದಂತೆ ಶಕ್ತಿ ಚೆಲ್ಲುತ್ತದೆ, ಹಾಗಾಗಿ ಓರೆಯಾಗಿ ಬಿದ್ದರೂ (ತೀರಾ ಸವರಿಕೊಂಡು ಹೋಗದ ಹೊರತು) ಕುಳಿ ದುಂಡಗೇ ಇರುತ್ತದೆ. ನಿಮ್ಮ ಕೊಳವೆಯ ಗುಂಡು ಪುಡಿಯನ್ನು ಬರೀ ತಳ್ಳುತ್ತದೆ. 30 ಡಿಗ್ರಿಯಲ್ಲಿ ಹೊಡೆದರೆ ಕುಳಿ ಉದ್ದುದ್ದ. ಉತ್ತರಪಟ್ಟಿಯಲ್ಲಿ ‘ದುಂಡು’ ಎಂದಿರುವುದರಿಂದ, ಕಂಡದ್ದನ್ನು ಬರೆದ ಮಕ್ಕಳಿಗೆ ಅಂಕ ಹೋಗುತ್ತದೆ.

9ನೇ ಪುಟವನ್ನಂತೂ ಹರಿದೇ ಹಾಕಬೇಕು. ‘ಭಾರತ ವಿಜ್ಞಾನಕ್ಕಾಗಿ ಅಪ್ಪಳಿಸಿದ ನೌಕೆಗಳು’ ಪಟ್ಟಿಯಲ್ಲಿ 2019ರ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಕೂಡ ಇದೆ. 2008ರ ನವೆಂಬರ್ 14ರಂದು ಚಂದ್ರಯಾನ-1 ಸುಮಾರು 100 ಕಿ.ಮೀ. ಎತ್ತರದಿಂದ ಬಿಟ್ಟ 34 ಕೆ.ಜಿ.ಯ ಪೆಟ್ಟಿಗೆ ಬೀಳಲೆಂದೇ ಹೋದದ್ದು. 25 ನಿಮಿಷ ಅಳತೆ ಮಾಡುತ್ತಲೇ ಇಳಿದು ಶ್ಯಾಕಲ್‌ಟನ್ ಕುಳಿಯ ಬಳಿ ಬಿತ್ತು. ವಿಕ್ರಮ್ ಹೋದದ್ದು ಮೆತ್ತಗೆ ಇಳಿಯಲು. ಬೀಳಿಸಿದ್ದಕ್ಕೂ ಬಿದ್ದದ್ದಕ್ಕೂ ವ್ಯತ್ಯಾಸ ಏಳನೇ ತರಗತಿಯವರಿಗೂ ಗೊತ್ತು.

ಡಿಕ್ಕಿಯ ಬೆಳಕು ತೋರಿಸಬೇಕಾದ ಬಲ್ಬು ಹತ್ತುವುದಿಲ್ಲ. ಇದಕ್ಕೆ ನಮ್ಮ ತಕರಾರಿಲ್ಲ. ಎಲ್‌ಕ್ರಾಸ್ ಬಿದ್ದಾಗಲೂ ಹವ್ಯಾಸಿಗಳ ದೂರದರ್ಶಕಕ್ಕೂ ದೂಳು ಕಾಣುತ್ತದೆ ಎಂದು ಆಸೆ ಹುಟ್ಟಿಸಿದ್ದರು, ನೇರಪ್ರಸಾರ ನೋಡುತ್ತ ಕೂತವರಿಗೆ ಏನೂ ಕಾಣಲಿಲ್ಲ. ಇಡೀ ಕಿಟ್‌ನಲ್ಲಿ ಇತಿಹಾಸಕ್ಕೆ ನಿಷ್ಠವಾಗಿರುವುದು ಈ ಬಲ್ಬೊಂದೇ.

ಮೈದಾ ಬದಲು 5 ಕೆ.ಜಿ. ಕಲ್ಲಿನ ಪುಡಿಯನ್ನು ಗಾಳಿಯಾಡದ ಡಬ್ಬದಲ್ಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ತಿದ್ದಿದ ಕೈಪಿಡಿಯ ಜೊತೆ ಕಳಿಸಿಕೊಡಿ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಒಂದು ವಾರ ಮೊದಲು ತಲುಪಬೇಕು. ಆಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ.

ಇತಿ ತಮ್ಮ ವಿಶ್ವಾಸಿಗಳು,
ವಿಜ್ಞಾನ ಶಿಕ್ಷಕರು

ಲಗತ್ತು: ರಸೀದಿಯ ಪ್ರತಿ, ತೂತಿನ ಫೋಟೊ, ಉಂಡೆ ಕಟ್ಟಿದ ಪುಡಿಯ ಮಾದರಿ (50 ಗ್ರಾಂ).