ಗಾಲಿಕುರ್ಚಿ ಕೊಡುವ ಮೊದಲು ಹುಡುಗಿಯನ್ನೊಮ್ಮೆ ಕೇಳಿ

ವಿಜಯಪುರ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಇಂಡಿ ತಾಲೂಕಿನ ರೈತ. ನಮ್ಮ ಅಣ್ಣನ ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ನಡೆಯಲು ಆಗುವುದಿಲ್ಲ, ಮಾತು ನಿಧಾನ. ಸ್ವಲ್ಪ ಕಾಯ್ದರೆ ಆಕೆ ಹೇಳೋದೆಲ್ಲ ತಿಳಿಯುತ್ತದೆ.

ಹೋದ ವರ್ಷ ಒಂದು ಶಿಬಿರದಲ್ಲಿ ಆಕೆಗೆ ಗಾಲಿಕುರ್ಚಿ ಸಿಕ್ಕಿತು. ಅರ್ಜಿ ಬರೆದುಕೊಂಡವರು, ಅಳತೆ ತೆಗೆದವರು ಎಲ್ಲರೂ ಅವರವ್ವನ ಮುಖ ನೋಡಿಯೇ ಮಾತಾಡಿದರು. "ಊಟ ತಾನ ಮಾಡ್ತಾಳೇನು? ಹೇಳಿದ್ದು ತಿಳಿತೈತೇನು?" ಆಕೆ ಪಕ್ಕದಲ್ಲೇ ಇದ್ದಳು. "ನಮ್ಮನಿ ಬಾಗ್ಲಾ ಸಣ್ಣದೈತಿ, ಇದು ಒಳಗ ಬರಂಗಿಲ್ಲ" ಅಂತ ಎರಡು ಸಲ ಹೇಳಿದಳು. ಅಷ್ಟರಲ್ಲಿ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿಯೇ ಬಿಟ್ಟರು. ಹದಿನಾಲ್ಕು ವರ್ಷದ ಹುಡುಗಿ. ಸರಿದ ವೇಲ್ ಸರಿಮಾಡಿಕೊಳ್ಳೋಕೂ ಪುರುಸೊತ್ತು ಕೊಡದೆ ಫೋಟೋ ಹೊಡೆದರು. ಸಂಜೆಗೆ ಅದು ಊರಿನ ವಾಟ್ಸಾಪ್ ಗ್ರೂಪಿಗೂ ಬಂತು.

ಕುರ್ಚಿ ಈಗ ಹೊರಗೆ ಕಟ್ಟೆ ಮೇಲೆ ಇದೆ. ಬಾಗಿಲಲ್ಲಿ ಹಿಡಿಸುವುದಿಲ್ಲ. ಸರ್ಕಾರದ ದುಡ್ಡೂ ಸುಮ್ನೆ ಹೋಯಿತು, ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತಾವು ಓದಿಯೇ ಇರುತ್ತೀರಿ. ಅಂಗವಿಕಲ ಮಕ್ಕಳಿಗೆ ಅವರಿಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ಬೇಕಾದ ಸಹಾಯವನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಒದಗಿಸಬೇಕು ಅಂತ ಅದರ 4ನೇ ಕಲಂ ಹೇಳುತ್ತದೆ. ಅಂದಮೇಲೆ ಗ್ರಾಮ ಪಂಚಾಯತಿಯೂ ಅದರಲ್ಲಿ ಬಂತು.

ಹೆತ್ತವರನ್ನು ಕೇಳಲೇಬೇಡಿ ಅಂತಲ್ಲ. ಅವರವ್ವನಷ್ಟು ಆಕೆಯನ್ನು ಬಲ್ಲವರು ಯಾರೂ ಇಲ್ಲ. ಆದರೆ ಶಾಲೆಯ ಶೌಚಾಲಯಕ್ಕೆ ತನ್ನನ್ನು ಯಾರು ಕರೆದುಕೊಂಡು ಹೋಗಬೇಕು ಅನ್ನೋದನ್ನು ಆಕೆಯೇ ಹೇಳಬೇಕು. ಅಲ್ಲಿ ಮೆಟ್ಟಿಲುಗಳಿವೆ, ಯಾರಾದರೂ ಎತ್ತಲೇಬೇಕು. ಅದಕ್ಕೇ ಆಕೆ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ತಮಗೂ ಗೊತ್ತು. ಒಂದು ಇಳಿಜಾರು ಕಟ್ಟಿಸಿ, ಆಕೆ ಒಪ್ಪಿದ ಒಬ್ಬ ಹೆಣ್ಣುಮಗಳು ಜೊತೆಗಿದ್ದರೆ ಸಾಕು. ಪಂಚಾಯತಿಯ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆಂದೇ ಶೇ. 5 ತೆಗೆದಿಡುತ್ತಾರೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಈ ಮಕ್ಕಳನ್ನು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕೇಳೋದಕ್ಕೆ ಜಾಗ ಆಗಲೇ ಇದೆ. ಪ್ರತಿ ವರ್ಷ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಈ ಸಲದ ಸುತ್ತೋಲೆಯಲ್ಲಿ ಅಂಗವಿಕಲ ಮಕ್ಕಳ ಬಗ್ಗೆ ಸ್ಪಷ್ಟವಾಗಿ ಬರೆಯಿರಿ. ಗಾಲಿಕುರ್ಚಿ ಬರುವಂಥ ಜಾಗದಲ್ಲೇ ಸಭೆ ಆಗಲಿ. ಕಿವಿ ಕೇಳದ ಮಕ್ಕಳಿಗೆ ಸನ್ನೆ ಭಾಷೆ ಬಲ್ಲವರು ಇರಲಿ. ಶಾಲೆಗೆ ಬರಲಾಗದೆ ಮನೆಯಲ್ಲೇ ಇರುವ ಮಕ್ಕಳು ಯಾರ್‍ಯಾರು ಅಂತ ಪಂಚಾಯತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಅವರ ಕೈಯಲ್ಲೇ ಆ ಮಕ್ಕಳನ್ನು ಕರೆಸಿ. ನಿಧಾನವಾಗಿ ಮಾತಾಡುವವರಿಗೆ ಜಾಸ್ತಿ ಹೊತ್ತು ಕೊಡಿ, ನಡುವೆ ಯಾರೂ ಬಾಯಿ ಹಾಕದಿರಲಿ. ಫೋಟೋ ತೆಗೆಯುವ ಮುಂಚೆ, ಮೈ ಮುಟ್ಟುವ ಮುಂಚೆ ಕೇಳಬೇಕು ಅನ್ನೋದು ಶಿಬಿರ ನಡೆಸುವ ಎಲ್ಲರಿಗೂ ಲಿಖಿತ ಆದೇಶವಾಗಿ ಹೋಗಲಿ.

ನಮ್ಮ ಪಂಚಾಯತಿಯ ಸಭೆಗೆ ತಾವೇ ಬಂದರೆ ಇನ್ನೂ ಸಂತೋಷ. ಶೌಚಾಲಯದ ವಿಷಯ ಆಕೆಯೇ ತಮ್ಮ ಮುಂದೆ ಹೇಳುತ್ತಾಳಂತೆ.

ಇಂತಿ ತಮ್ಮ ವಿಶ್ವಾಸಿ,
ಇಂಡಿ ತಾಲೂಕಿನ ಒಬ್ಬ ರೈತ