ಜರ್ಮನಿಗೆ ಡ್ರೋನ್ ಒಯ್ಯುವವರಿಗೆ ಪೂರ್ಣ ಮಾಹಿತಿ ಸಿಗಲಿ

ಮಾನ್ಯ ಸಂಪಾದಕರೇ,

ಜರ್ಮನಿಗೆ ಪ್ರವಾಸ ಬರುವ ಕನ್ನಡಿಗರಲ್ಲಿಯೂ ಇಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಲ್ಲಿಯೂ ‘250 ಗ್ರಾಂಗಿಂತ ಹಗುರವಾದ ಡ್ರೋನ್‌ಗೆ ಯಾವ ನಿಯಮವೂ ಇಲ್ಲ’ ಎಂಬ ನಂಬಿಕೆ ಬೇರೂರಿದೆ. ಭಾರತದ 2021ರ ಡ್ರೋನ್ ನಿಯಮಗಳು ಇಷ್ಟು ತೂಕದ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡವೆಂದಿರುವುದೂ ಇದಕ್ಕೆ ಕಾರಣವಿರಬಹುದು.

2020ರ ಡಿಸೆಂಬರ್ 31ರಿಂದ ಐರೋಪ್ಯ ಒಕ್ಕೂಟದಲ್ಲಿ ಜಾರಿಯಲ್ಲಿರುವ ನಿಯಮಾವಳಿಯೂ ಇಂಥ ಡ್ರೋನ್ ಹಾರಿಸುವವರಿಗೆ ಪರೀಕ್ಷೆಯಿಂದ ವಿನಾಯಿತಿ ನೀಡಿದೆ, ನಿಜ. ಆದರೆ ಡ್ರೋನ್‌ನಲ್ಲಿ ಕ್ಯಾಮೆರಾ ಇದ್ದು, ಅದು ಆಟಿಕೆಯ ವರ್ಗಕ್ಕೆ ಸೇರದಿದ್ದರೆ, ಹಾರಿಸುವವರು ತಮ್ಮ ಹೆಸರನ್ನು ನೋಂದಾಯಿಸಿ, ಸಿಕ್ಕ ಸಂಖ್ಯೆಯನ್ನು ಡ್ರೋನ್ ಮೇಲೆ ಅಂಟಿಸಲೇಬೇಕು. ಭಾರತದ ನೋಂದಣಿ ಇಲ್ಲಿ ನಡೆಯುವುದಿಲ್ಲ. ಹೊರದೇಶದವರು ಒಕ್ಕೂಟದ ಯಾವ ದೇಶದಲ್ಲಿ ಮೊದಲು ಹಾರಿಸುತ್ತಾರೋ ಅಲ್ಲಿಯೇ, ಜರ್ಮನಿಯಾದರೆ ಬ್ರೌನ್‌ಶ್ವೈಗ್‌ನ ಫೆಡರಲ್ ವಿಮಾನಯಾನ ಕಚೇರಿಯಲ್ಲಿ, ನೋಂದಾಯಿಸಿಕೊಳ್ಳಬೇಕು; ಉಳಿದ ಸದಸ್ಯ ದೇಶಗಳಿಗೂ ಅದೇ ಸಾಕು. ಜರ್ಮನಿಯಲ್ಲಿ ತೂಕ ಎಷ್ಟೇ ಇರಲಿ, ಇತರರಿಗಾಗುವ ಹಾನಿಯನ್ನು ಭರಿಸುವ ವಿಮೆಯೂ ಕಡ್ಡಾಯ.

ಇಲ್ಲಿ ತೂಕಕ್ಕಿಂತ ಕ್ಯಾಮೆರಾದ ಮೇಲೆಯೇ ಹೆಚ್ಚು ಕಣ್ಣಿಡಲು ಖಾಸಗಿತನದ ಬಗ್ಗೆ ಜರ್ಮನರಿಗಿರುವ ಆಳವಾದ ಕಾಳಜಿ ಕಾರಣ. ಚಿತ್ರ ಅಥವಾ ಧ್ವನಿ ದಾಖಲಿಸಬಲ್ಲ ಡ್ರೋನ್ ಎಷ್ಟೇ ಹಗುರವಾಗಿದ್ದರೂ, ವಾಸದ ಮನೆ, ಹಿತ್ತಲುಗಳ ಮೇಲೆ ಹಾರಿಸಲು ಸಾಮಾನ್ಯವಾಗಿ ಆ ಮನೆಯವರ ಒಪ್ಪಿಗೆ ಬೇಕು. ಮನೆಯಂಗಳದಲ್ಲಿ ಮಕ್ಕಳು ಆಡುತ್ತಿರುವಾಗ ತಲೆಯ ಮೇಲೆ ಅಪರಿಚಿತರ ಕ್ಯಾಮೆರಾ ಸುಳಿದಾಡಿದರೆ ಯಾರಿಗೇ ಆದರೂ ಕಸಿವಿಸಿಯಾಗುತ್ತದೆ. ಆದ್ದರಿಂದ ಈ ನಿಯಮ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಇಲ್ಲಿನವರು ಡ್ರೋನ್ ವಿರೋಧಿಗಳೇನೂ ಅಲ್ಲ: ವಸಂತದಲ್ಲಿ ಹುಲ್ಲು ಕೊಯ್ಯುವ ಮುನ್ನ, ಹುಲ್ಲಿನ ನಡುವೆ ಅಡಗಿ ಮಲಗಿರುವ ಜಿಂಕೆಮರಿಗಳು ಯಂತ್ರಕ್ಕೆ ಸಿಲುಕದಂತೆ, ನೆಲ ಇನ್ನೂ ತಣ್ಣಗಿರುವ ಮುಂಜಾನೆಯಲ್ಲೇ ಶಾಖ ಗುರುತಿಸುವ ಕ್ಯಾಮೆರಾದ ಡ್ರೋನ್‌ಗಳಿಂದ ಸ್ವಯಂಸೇವಕರು ಅವುಗಳನ್ನು ಹುಡುಕುತ್ತಾರೆ.

120 ಮೀಟರ್ ಎತ್ತರದ ಮಿತಿ ಮತ್ತು ಡ್ರೋನ್ ಸದಾ ಕಣ್ಣಿಗೆ ಕಾಣುತ್ತಿರಬೇಕೆಂಬ ಷರತ್ತು ಹಗುರ ಡ್ರೋನ್‌ಗಳಿಗೂ ಅನ್ವಯಿಸುತ್ತವೆ. 2025ರ ಅಕ್ಟೋಬರ್ ಆರಂಭದಲ್ಲಿ ಡ್ರೋನ್ ಕಂಡ ವರದಿಗಳಿಂದಾಗಿ ಮ್ಯೂನಿಕ್ ವಿಮಾನ ನಿಲ್ದಾಣದ ಸಂಚಾರ ಸತತ ಎರಡು ರಾತ್ರಿ ಸ್ಥಗಿತಗೊಂಡ ಮೇಲಂತೂ ಪೊಲೀಸರೂ ಜನರೂ ಆಕಾಶದತ್ತ ಹೆಚ್ಚು ಎಚ್ಚರದಿಂದ ನೋಡುತ್ತಿದ್ದಾರೆ.

ಯುರೋಪಿನ ಪ್ರವಾಸ ಲೇಖನಗಳ ಜೊತೆಗೆ ನೋಂದಣಿ ಮತ್ತು ವಿಮೆಯ ವಿವರವನ್ನೂ, ಎಲ್ಲೆಲ್ಲಿ ಹಾರಿಸಬಾರದೆಂದು ತೋರಿಸುವ ಜರ್ಮನ್ ಸರ್ಕಾರದ ‘ಡಿಪುಲ್’ ನಕ್ಷೆಯ ಮಾಹಿತಿಯನ್ನೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಮ್ಯೂನಿಕ್‌ನ ಒಬ್ಬ ಕನ್ನಡ ಓದುಗ